ಮೇಲುಬಾಗಿಲಿನ ಮೌಸ್

ಒಳಪಟ್ಟಣ, ಮೊದಲನೆಯ ಆಳ
ಕ್ರಿ.ಶ. 2419, ಬಿಸಿಲುಮಾಸದ 43ನೆಯ ದಿನ

ಸಿಸ್ಟಮ್ ನಿರ್ವಾಹಕರ ಸನ್ನಿಧಿಗೆ,

ಮೇಲುಬಾಗಿಲಿನ ಕಾವಲುಗಾರ ಗಂಗುಲಪ್ಪನ ನಮಸ್ಕಾರಗಳು. ನೀವು ತೀರಿಕೊಂಡು ಮುನ್ನೂರೈವತ್ತು ವರ್ಷವಾದರೂ ಆಗಿರಬೇಕು, ಆದರೂ ತೊಂದರೆ ಕೊಡುತ್ತಿದ್ದೇನೆ. ನಮ್ಮ ತಿಂಗಳು, ನಮ್ಮ ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಪರದೆಯ ಮೇಲೆ ‘ಸಹಾಯಕ್ಕೆ ನಿಮ್ಮ ಸಿಸ್ಟಮ್ ನಿರ್ವಾಹಕರನ್ನು ಸಂಪರ್ಕಿಸಿ’ ಎಂದು ಬಂದಿದೆ. ಒಳಪಟ್ಟಣದಲ್ಲಿ ಅಂಥವರು ಯಾರೂ ಇಲ್ಲ. ಹಿರಿಯರಿಗೆ ಬರೆದ ಕಾಗದವನ್ನು ನಾವು ತಾಮ್ರದ ಕೊಳವೆಯಲ್ಲಿಟ್ಟು ಗಣಿಯ ಅತಿ ಆಳದ ನೀರಿಗೆ ಬಿಡುತ್ತೇವೆ. ಅದನ್ನು ಹಿಂದಂಚೆ ಎನ್ನುತ್ತೇವೆ. ಉತ್ತರ ಬಂದದ್ದನ್ನು ನಾನಂತೂ ಕಂಡಿಲ್ಲ. ಆದರೆ ನನ್ನ ಮಗಳು ಪಿಳ್ಳಮ್ಮ ಬಾಗಿಲಿನ ಆಚೆ ಸಿಕ್ಕಿಕೊಂಡಿದ್ದಾಳೆ. ಇನ್ನು ಯಾರನ್ನು ಕೇಳಲಿ?

ನಾವು ಬದುಕುತ್ತಿರುವುದು ಕೋಲಾರದ ಹಳೆಯ ಚಿನ್ನದ ಗಣಿಯೊಳಗೆ. ನೆಲದ ಮೇಲೆ ಸೂರ್ಯ ಹುಟ್ಟುವವರೆಗೆ ಓಡಾಡಬಹುದು, ಆಮೇಲೆ ಹೆಂಚಿನ ಮೇಲೆ ನಿಂತಂತೆ. ನಮಗೆ ದೀಪ, ಗಾಳಿ, ನೀರೆತ್ತುವ ಶಕ್ತಿ ಎಲ್ಲ ಬರುವುದು ಮೇಲಿನ ಸೌರಫಲಕಗಳಿಂದ. ಅವುಗಳ ಮೇಲೆ ಕೂತ ಕೆಂಧೂಳನ್ನು ದಿನಾ ನಸುಕಿನಲ್ಲಿ ಹನ್ನೆರಡು ಜನ ಹೋಗಿ ಒರೆಸಿ ಬರುತ್ತಾರೆ. ಇವರಿಗೆ ಒರೆಸುಗರು ಎಂದು ಹೆಸರು. ಪಿಳ್ಳಮ್ಮನೂ ಅವರಲ್ಲಿ ಒಬ್ಬಳು. ತಲೆಗೆ ಒದ್ದೆ ಗೋಣಿ, ಸೊಂಟಕ್ಕೆ ಒಂದು ಚೊಂಬು ನೀರು, ಅಷ್ಟೇ ಅವರ ಸಲಕರಣೆ. ಅವರು ಹಿಂದಿರುಗಿ ಬಾಗಿಲು ಬಡಿದಾಗ ಪರದೆಯಲ್ಲಿ ‘ತೆರೆಯಲೇ?’ ಎಂಬ ಪ್ರಶ್ನೆ ಮೂಡುತ್ತದೆ. ನಾನು ಮೌಸ್ ಸರಿಸಿ ‘ಹೌದು’ ಒತ್ತುತ್ತೇನೆ. ಕೀಬೋರ್ಡು ನಮ್ಮ ಮುತ್ತಜ್ಜನ ಕಾಲಕ್ಕೇ ಹಾಳಾಯಿತು. ಉಳಿದಿರುವುದು ಇದೊಂದೇ ಮೌಸ್, ನಾಲ್ಕು ತಲೆಮಾರಿನಿಂದ ನಮ್ಮ ಮನೆತನದ ಕೈಯಲ್ಲಿದೆ.

ಇವತ್ತು ಯಂತ್ರಕ್ಕೆ ಅಪ್‌ಗ್ರೇಡ್ ಇತ್ತು. ಇದು ನಲವತ್ತು ವರ್ಷಕ್ಕೊಮ್ಮೆ ಬರುವ ಹಬ್ಬ. ಹಳೆಯ ವ್ಯವಸ್ಥೆ ಆಗಾಗ ಬಾಗಿಲನ್ನೇ ಮರೆಯುತ್ತಿದೆ, ಹಿರಿಯರು ಮೀಸಲಿಟ್ಟುಹೋದ ಹೊಸದನ್ನು ಹಾಕೋಣವೆಂದು ರೆಡ್ಡೆಮ್ಮ ಹಟ ಹಿಡಿದಿದ್ದಳು. ಇಪ್ಪತ್ತಾರರ ಹುಡುಗಿ, ಹಿರಿಯರ ಪೆಟ್ಟಿಗೆಯ ಪುಸ್ತಕಗಳನ್ನೆಲ್ಲ ಓದಿದವಳು. ಒರೆಸುಗರು ಮೇಲೆ ಹೋದ ಮೇಲೆ ಶುರು ಮಾಡಿದಳು. ಯಂತ್ರ ಆರಿ ಮತ್ತೆ ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು ಬೇಕು ಎಂದಳು. ಅಷ್ಟರಲ್ಲಿ ನಾನು ಪೂಜೆ ಮುಗಿಸಿದೆ. ಅಪ್ಪ ಹೇಳಿಕೊಟ್ಟಂತೆ ಪರದೆಗೆ ಕುಂಕುಮ, ಯಂತ್ರದ ಪೆಟ್ಟಿಗೆಗೆ ಅರಿಶಿನ. ಅಪ್ಪ ಮಾಡದ ಒಂದು ಸೇವೆಯನ್ನೂ ಮಾಡಿದೆ: ಮೌಸನ್ನು ಮಗುಚಿ ಹೊಟ್ಟೆಯ ಅಡಿಯ ಕೆಂಪು ಕಣ್ಣಿಗೆ ದಪ್ಪವಾಗಿ ಗಂಧವಿಟ್ಟೆ. ನಮ್ಮನ್ನೆಲ್ಲ ಕಾಯುವ ಕಣ್ಣಿಗೇ ಗಂಧವಿಲ್ಲದಿದ್ದರೆ ಹೇಗೆ?

ಯಂತ್ರ ಎದ್ದಿತು. ಬಾಣದ ಗುರುತು ಎರಡು ಸಲ ನಡುಗಿ ಮೂಲೆಯಲ್ಲಿ ನಿಂತಿತು. ಮೌಸನ್ನು ಎಳೆದೆ, ಉಜ್ಜಿದೆ, ಬೈದೆ, ಕೈಮುಗಿದೆ. ರೆಡ್ಡೆಮ್ಮ ತಂತಿ ಕಿತ್ತು ಮತ್ತೆ ಸಿಕ್ಕಿಸಿದಳು. ಆಗ ಪರದೆಯ ಮೇಲೆ ಏನು ಬಂತು ಗೊತ್ತೇ? ‘ಮೌಸ್ ಕೆಲಸ ಮಾಡದಿದ್ದರೆ ಇಲ್ಲಿ ಕ್ಲಿಕ್ ಮಾಡಿ.’ ಇದನ್ನು ಬರೆದ ಪುಣ್ಯಾತ್ಮ ನೀವೇ ಆಗಿದ್ದರೆ, ಸ್ವಾಮಿ, ನಿಮ್ಮನ್ನು ಮನಸಾರೆ ಶಪಿಸಿದ್ದೇನೆ. ಹಳೆಯ ವ್ಯವಸ್ಥೆಗೆ ಮರಳೋಣವೆಂದರೆ ಅದಕ್ಕೂ ಕ್ಲಿಕ್ ಬೇಕು.

ಸೂರ್ಯ ಹುಟ್ಟಿ ಒಂದೂವರೆ ಗಂಟೆಯಾಯಿತು. ಆಚೆಯಿಂದ ಬಡಿತ ಕೇಳುತ್ತಿದೆ. ಮೂರು ಬಡಿತ, ಒಂದು ಬಿಡುವು, ಮತ್ತೆ ಮೂರು. ಇದು ಪಿಳ್ಳಮ್ಮನದು, ಚಿಕ್ಕಂದಿನಿಂದಲೂ ಹೀಗೆಯೇ ಬಡಿಯುತ್ತಾಳೆ. ಬಾಗಿಲು ಮೊಳದಪ್ಪದ ಉಕ್ಕು, ಸುತ್ತಿಗೆಗೆ ಜಗ್ಗುವುದಿಲ್ಲ. ಊರಿನವರ ಸಿಟ್ಟೆಲ್ಲ ರೆಡ್ಡೆಮ್ಮನ ಮೇಲೆ ತಿರುಗಿ, ಅವಳನ್ನು ಬಾಗಿಲಿನ ಕಂಬಕ್ಕೆ ಕಟ್ಟಿಹಾಕಿದ್ದಾರೆ. ಹಗ್ಗದ ಒಂದು ತುದಿ ನಾನೂ ಹಿಡಿದಿದ್ದೆ. “ನಾನೇನೂ ತಪ್ಪು ಮಾಡಿಲ್ಲ ಮಾವ, ಒಂದ್ ಸಲ ನೋಡಾಕಾದ್ರೂ ಬಿಡು” ಎಂದು ಅತ್ತಳು. ನಾನು ಬಿಡಲಿಲ್ಲ. ಈಗ ಬಡಿತ ಮೂರರಿಂದ ಎರಡಕ್ಕೆ ಇಳಿದಿದೆ. ನಿರ್ವಾಹಕರೇ, ನನಗೆ ಇರುವುದು ಒಬ್ಬಳೇ ಮಗಳು. ಏನಾದರೂ ಮಾಡಿ.

ಬಡಿತ ನಿಂತಿತು.

ಮುಂದಿನದನ್ನು ಮಧ್ಯಾಹ್ನ ಬರೆಯುತ್ತಿದ್ದೇನೆ. ಬಡಿತ ನಿಂತಾಗ ನನಗೆ ತಲೆ ಕೆಟ್ಟಿತು. ಮೌಸನ್ನು ಒಡೆದೇಬಿಡೋಣವೆಂದು ಎತ್ತಿದೆ. ಮಗುಚಿದರೆ ಕೆಂಪು ಬೆಳಕು ಕಾಣಲಿಲ್ಲ. ಕಣ್ಣಿನ ಮೇಲೆ ನಾನಿಟ್ಟ ಗಂಧ ಒಣಗಿ ಹೆಪ್ಪುಗಟ್ಟಿತ್ತು. ಉಗುರಿನಿಂದ ಕೆರೆದು, ಉಗುಳು ಹಚ್ಚಿ, ಪಂಚೆಯ ಸೆರಗಿನಿಂದ ಒರೆಸಿದೆ. ಬೆಳಕು ಕೈಮೇಲೆ ಬಿತ್ತು. ಮೇಜಿನ ಮೇಲಿಟ್ಟು ಸರಿಸಿದೆ, ಬಾಣ ಓಡಿತು. ‘ಹೌದು’ ಒತ್ತಿದೆ.

ಹನ್ನೊಂದು ಜನ ತೆವಳಿಯೋ ಒರಗಿಯೋ ಒಳಗೆ ಬಂದರು. ಹನ್ನೆರಡನೆಯವಳಾದ ಮುನಿಯಕ್ಕನನ್ನು ಮಾತ್ರ ಹೊತ್ತು ತಂದರು. ತನ್ನ ಚೊಂಬಿನ ನೀರನ್ನೂ ಪಿಳ್ಳಮ್ಮನಿಗೇ ಕುಡಿಸಿದಳಂತೆ. ಮುನಿಯಕ್ಕನಿಗೆ ಇನ್ನೂ ಎಚ್ಚರ ಬಂದಿಲ್ಲ. ಪಿಳ್ಳಮ್ಮನ ಅಂಗಾಲು ಬೊಬ್ಬೆಯೆದ್ದು ಸುಲಿದಿದೆ. ಅವಳು ನನ್ನ ತೊಡೆಯ ಮೇಲೆ ತಲೆಯಿಟ್ಟು, “ಯಾಕಪ್ಪಾ ಇಷ್ಟ್ ಹೊತ್ ಮಾಡ್ದೆ?” ಎಂದಳು. “ಅಪ್‌ಗ್ರೇಡ್‌ದು ತೊಂದ್ರೆ ಕಣಮ್ಮ” ಎಂದೆ. ಸುತ್ತಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು. ರೆಡ್ಡೆಮ್ಮ ಕಂಬದ ಹತ್ತಿರದಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಸಂಜೆ ಊರು ಸೇರಿ ಅವಳಿಗೆ ಶಿಕ್ಷೆ ಹೇಳುತ್ತದೆ. ಈ ಯಂತ್ರದ ಹತ್ತಿರ ಇನ್ನು ಜನ್ಮದಲ್ಲಿ ಬರಕೂಡದು, ಸಾಯುವವರೆಗೂ ಒರೆಸುಗರ ಜೊತೆ ಮೇಲೆ ಹೋಗಬೇಕು ಎಂದು ಈಗಲೇ ಮಾತಾಡಿಕೊಳ್ಳುತ್ತಿದ್ದಾರೆ. ಗಂಧದ ವಿಷಯ ತಿಳಿದವನು ನಾನೊಬ್ಬನೇ. ಈ ಕಾಗದವನ್ನು ನೀರಿಗೆ ಬಿಟ್ಟರೆ ನಿಮಗೂ ತಿಳಿಯುತ್ತದೆ, ಅಲ್ಲಿಗೆ ಮುಗಿಯಿತು.

ನಿಮ್ಮಲ್ಲಿ ಒಂದೇ ಬೇಡಿಕೆ ಇತ್ತು: ಸಹಾಯದ ಪುಟದ ಮೊದಲ ಸಾಲಿನಲ್ಲಿ ‘ಮಗುಚಿ ನೋಡಿ, ಕಣ್ಣು ಒರೆಸಿ’ ಎಂದು ಬರೆಯಿರಿ ಎಂದು. ಆದರೆ ಅದು ನಿಮಗೆ ತಲುಪುವುದಿಲ್ಲ, ಕ್ಷಮಿಸಿ. ತಾಮ್ರದ ಕೊಳವೆಯನ್ನು ವಾಪಸು ಗೂಡಿನಲ್ಲಿಟ್ಟಿದ್ದೇನೆ. ಅಂಟಿಗೆಂದು ಒಂದು ಹಿಡಿ ರಾಗಿಹಿಟ್ಟು ಕಲಸಿಕೊಂಡಿದ್ದೇನೆ. ಮೊದಲು ಹಗ್ಗ ಬಿಚ್ಚುತ್ತೇನೆ, ಆಮೇಲೆ ಈ ಕಾಗದವನ್ನು ಅದೇ ಕಂಬಕ್ಕೆ, ಎಲ್ಲರೂ ಓದುವ ಎತ್ತರಕ್ಕೆ ಅಂಟಿಸುತ್ತೇನೆ.

ಇಂತಿ,
ಗಂಗುಲಪ್ಪ, ಪಿಳ್ಳಮ್ಮನ ಅಪ್ಪ