ಒಂದು ಪ್ರತಿಗೆ ಹದಿನೈದು

ಲಾಂಡ್ರಿಯ ಹಿಂದಿನ ಕೋಣೆಯಿಂದ,
ಶನಿವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ನೀನು ನೋಡಿಕೊಳ್ಳುತ್ತಿರುವ ಅಜ್ಜಿಯನ್ನು ಹಾಸಿಗೆಯಿಂದ ಒಬ್ಬಳೇ ಎತ್ತಬೇಡ, ಆ ಮನೆಯವರನ್ನು ಯಾರನ್ನಾದರೂ ಕರೆ. ನೀನು ಕರೆಯುವುದಿಲ್ಲ, ಗೊತ್ತು. ನಾವಿಬ್ಬರೂ ಒಂದೇ ಅಚ್ಚಿನವರು, ಬಾಯಿಬಿಟ್ಟು ಕೇಳುವುದೆಂದರೆ ಜೀವ ಹೋಗುತ್ತದೆ. ನನ್ನ ಹಿಂದಿನ ಮೂರು ಕಾಗದಗಳಿಗೆ ಉತ್ತರ ಬರಲಿಲ್ಲ. ಕೆಲಸ ಹೆಚ್ಚಿರಬೇಕು. ನಾನು ಚೆನ್ನಾಗಿದ್ದೇನೆ. ಇಸ್ತ್ರಿಪೆಟ್ಟಿಗೆ ತಾಗಿ ಸುಟ್ಟಿದ್ದ ಎಡಗೈ ವಾಸಿಯಾಗಿದೆ.

ಪುಸ್ತಕದ ಸುದ್ದಿ ಹೇಳುತ್ತೇನೆ. ನನ್ನ ಕಥೆಗಳನ್ನು ಒಂದು ವರ್ಷದೊಳಗೆ ಸಾವಿರ ಪ್ರತಿ ಅಚ್ಚು ಹಾಕಿಸುತ್ತೇವೆಂದು ಪ್ರಕಾಶಕರು ಕರಾರು ಬರೆದು ಮುಂಗಡ ಒಂದು ಸಾವಿರ ಕೊಟ್ಟಿದ್ದರಲ್ಲ, ಎರಡು ವರ್ಷವಾದರೂ ಒಂದು ಹಾಳೆ ಅಚ್ಚಾಗಲಿಲ್ಲ. ಪರೀಕ್ಷೆಯ ಗೈಡುಗಳಿಗೇ ಕಾಗದ ಸಾಲದು, ಕಥೆಗೆ ಎಲ್ಲಿಂದ ತರೋಣ ಎಂದುಬಿಟ್ಟರು. ನಮ್ಮ ಲಾಂಡ್ರಿಯ ಒಡತಿಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತೇವೆ. ಆಕೆಯೇ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ, ನಮ್ಮಲ್ಲಿ ಕೋಟು ಒಗೆಸುವ ವಕೀಲರ ಮುಂದೆ ನಿಲ್ಲಿಸಿದಳು. "ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳು ಅಂತ ಕೈ ಎತ್ತಿದಾರೆ ಸಾರ್, ಬಿಡಬೇಡಿ. ನಿಮ್ಮ ಕೋಟು ಒಂದು ವರ್ಷ ಬಿಟ್ಟಿ ಒಗೀತೀನಿ" ಅಂದಳು. ವಕೀಲರು ನಕ್ಕರು. "ಕರಾರು ಮುರಿದಿದ್ದು ತೋರಿಸೋದು ಸುಲಭ. ನಷ್ಟ ಎಷ್ಟು ಅಂತ ತೋರಿಸೋದೇ ಕಷ್ಟ" ಅಂದರು.

ಲೆಕ್ಕ ಹೀಗೆ. ಪುಸ್ತಕದ ಬೆಲೆ ನೂರೈವತ್ತು, ಅದರಲ್ಲಿ ಹತ್ತರಲ್ಲೊಂದು ಪಾಲು ನನ್ನದು. ಅಂದರೆ ಒಂದು ಪ್ರತಿಗೆ ಹದಿನೈದು. ಸಾವಿರವೂ ಮಾರಿದ್ದರೆ ಹದಿನೈದು ಸಾವಿರ, ಮುಂಗಡ ಕಳೆದು ಹದಿನಾಲ್ಕು. ಆದರೆ ಹೊಸಬಳ ಪುಸ್ತಕ ಅಷ್ಟು ಮಾರುತ್ತಿತ್ತು ಎನ್ನಲು ಆಧಾರವೇನು ಎಂದು ಪ್ರಕಾಶಕರು ಕೇಳಿಯೇ ಕೇಳುತ್ತಾರಂತೆ. "ಯಾರ್ಯಾರು ಕೊಳ್ತಿದ್ರು, ಒಂದು ಪಟ್ಟಿ ಮಾಡ್ಕೊಂಡು ಬಾಮ್ಮ" ಅಂದರು ವಕೀಲರು.

ಅಕ್ಕಾ, ನಾನು ಬರೆಯುತ್ತೇನೆಂಬುದು ಇಲ್ಲಿ ದೊಡ್ಡಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ನನಗಾದರೂ ಜನ ಗೊತ್ತಿರುವುದು ಅವರ ಬಟ್ಟೆಯಿಂದ. ಕಾಲರಿನ ಒಳಗೆ ಕೆಂಪು ದಾರದಲ್ಲಿ ಹೊಲಿದ ನಂಬರೇ ಅವರ ಹೆಸರು. ಒಗೆಯುವ ಮೊದಲು ಜೇಬು ತಡಕುವ ಕೆಲಸ ನನ್ನದಲ್ಲವೇ? ಇನ್ನೂರ ಹನ್ನೆರಡರ ಜೇಬಿನಲ್ಲಿ ಯಾವಾಗಲೂ ಲೈಬ್ರರಿಯ ಚೀಟಿ. ಎಂಬತ್ತೇಳು ಬಸ್ ಟಿಕೆಟ್ಟಿನ ಹಿಂದೆ ಪದ್ಯ ಬರೆಯುತ್ತಾರೆ (ಪಾಪ, ಚೆನ್ನಾಗಿರುವುದಿಲ್ಲ). ಮುನ್ನೂರ ನಲವತ್ತರ ತೋಳು ಮೊಣಕೈ ಹತ್ತಿರ ಸವೆದಿದೆ, ಮೇಜಿಗೆ ಕೈಯೂರಿ ಓದುವವರದೇ ಇರಬೇಕು. ಹೀಗೆ ಹುಡುಕಿ ಹುಡುಕಿ ನಲವತ್ತೊಂದು ನಂಬರು ಬರೆದುಕೊಂಡು ಹೆಮ್ಮೆಯಿಂದ ಹೋದೆ. ವಕೀಲರು ಕನ್ನಡಕ ತೆಗೆದು ನೋಡಿದರು. "ಇದೇನಮ್ಮ ಇದು, ಜೈಲಿನ ಹಾಜರಿ ಪುಸ್ತಕವಾ?" ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಹೆಸರೂ ಸಹಿಯೂ ಬೇಕಂತೆ. ಹತ್ತು ದಿನ ಮುಂದಿನ ಕೌಂಟರಿನಲ್ಲಿ ನಿಂತೆ. ಬಟ್ಟೆಗಂಟು ಕೊಡುವಾಗ ಅದರ ಮೇಲೇ ಕಣ್ಣಿಟ್ಟು ಕೇಳುತ್ತಿದ್ದೆ: ನಾನೊಂದು ಪುಸ್ತಕ ಬರೆದಿದ್ದೇನೆ, ಅಚ್ಚಾಗಿದ್ದರೆ ಕೊಳ್ಳುತ್ತಿದ್ದಿರಾ? ಲೈಬ್ರರಿ ಚೀಟಿಯ ಇನ್ನೂರ ಹನ್ನೆರಡು "ನಾನು ಕೊಳ್ಳೋದೇ ಇಲ್ಲಮ್ಮ, ತಂದು ಓದಿ ವಾಪಸ್ ಕೊಡ್ತೀನಿ" ಅಂದರು. ತಮ್ಮ ಪದ್ಯವನ್ನು ನಾನು ಓದಿದ್ದು ತಿಳಿದು ಎಂಬತ್ತೇಳು ಬೇರೆ ಲಾಂಡ್ರಿಗೆ ಹೋಗಿಬಿಟ್ಟರು. ಮುನ್ನೂರ ನಲವತ್ತು ಓದುವವರಲ್ಲ, ದರ್ಜಿ. ನನ್ನ ಪಟ್ಟಿಯಲ್ಲೇ ಇಲ್ಲದ, ಗೋಡೆಗೆ ಬಣ್ಣ ಬಳಿಯುವ ತಾತ ಮಾತ್ರ, "ನಂಗೆ ಓದೋಕೆ ಬರಲ್ಲ, ಆದ್ರೂ ಎರಡು ತಗೋತಿದ್ದೆ. ಮಗಳು ಓದಿ ಹೇಳ್ತಾಳೆ, ಮೊಮ್ಮಗ ಹರೀತಾನೆ" ಎಂದು ಸಹಿಗೆ ಹೆಬ್ಬೆಟ್ಟು ಒತ್ತಿದರು. ಅವರ ಎರಡೂ ಸೇರಿ ಒಟ್ಟು ಒಂಬತ್ತು ಪ್ರತಿ. ಅಂದರೆ ನೂರ ಮೂವತ್ತೈದು ರೂಪಾಯಿ.

ಗುರುವಾರ ರಾಜಿಗೆ ಕರೆದಿದ್ದರು. ಪಟ್ಟಿ ನೋಡಿ ಪ್ರಕಾಶಕರು, "ಸಾವಿರ ಮುಂಗಡ ಕೊಟ್ಟಿದೀವಿ. ಹಾಗಾದ್ರೆ ಈಕೆನೇ ನಮಗೆ ಎಂಟುನೂರ ಅರವತ್ತೈದು ಕೊಡಬೇಕಲ್ಲ!" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಪೆದ್ದಿ. ನಮ್ಮ ವಕೀಲರು ನಗಲಿಲ್ಲ. ಕರಾರನ್ನು ಮೇಜಿನ ಮೇಲಿಟ್ಟು, "ಸಾವಿರ ಅಂತ ಬರೆದೋರು ನೀವು. ಇಪ್ಪತ್ತು ವರ್ಷದ ವ್ಯಾಪಾರಸ್ಥರು, ಮಾರಲ್ಲ ಅಂತ ಗೊತ್ತಿದ್ದೂ ಬರೀತೀರಾ?" ಎಂದು ಕೇಳಿದರು. ಹಗ್ಗ ಜಗ್ಗಾಡಿ ಐನೂರು ಪ್ರತಿಗೆ ನಿಂತಿತು. ಮುಂಗಡ ಕಳೆದು ಆರೂವರೆ ಸಾವಿರ ನನಗೆ. ಕಥೆ ಬರೆದ ನನ್ನ ನೋಟ್‌ಬುಕ್ಕೂ ಅದರ ಹಕ್ಕೂ ವಾಪಸು. ದೊಡ್ಡಮ್ಮ ಬೆನ್ನಿಗೆ ಗುದ್ದಿ ಕುಣಿದಾಡಿದಳು.

ನಾನು ನಡೆದೇ ಬಂದೆ. ಬೀದಿಯಲ್ಲಿ ಎದುರಾದವರ ಮುಖ ನೋಡುತ್ತಿದ್ದೆ. ಕಾಗದದ ಮೇಲೆ ನನ್ನ ಪುಸ್ತಕವನ್ನು ಐನೂರು ಜನ ಕೊಂಡಾಯಿತು, ಅವರ ಹಣವೂ ಬಂತು. ಅವರಲ್ಲಿ ಒಬ್ಬರೂ ಒಂದು ಸಾಲು ಓದಿಲ್ಲ. ಸಹಿ ಹಾಕಿದವರು ಬಂದು ಬಟ್ಟೆ ಒಯ್ಯುತ್ತಾರೆ, ಏನಾಯಿತೆಂದು ಕೇಳುವುದಿಲ್ಲ. ಕೇಳಿದರೆ ಹೇಳಲೆಂದು ಇನ್ನೂ ಕೌಂಟರಿನ ಹತ್ತಿರವೇ ಸುಳಿದಾಡುತ್ತೇನೆ.

ಸೊಂಟಕ್ಕೆ ಬಿಸಿನೀರಿನ ಶಾಖ ಕೊಡು. ಅಜ್ಜಿಯನ್ನು ಕೇಳಿದೆನೆಂದು ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡಿದರೆ ನನಗೆ ಅಷ್ಟೇ ನೆಮ್ಮದಿ.

ನಿನ್ನ ತಂಗಿ,
ಮೂಗಿ

ಅಂಚೆ ಡಬ್ಬಿ ತೆರೆಯುವ ಹೊತ್ತಾಯಿತು, ಇಷ್ಟು ಬರೆದುಬಿಡುತ್ತೇನೆ. ಪಟ್ಟಿಯ ಮೊದಲ ಸಾಲಿನಲ್ಲಿ ನಿನ್ನನ್ನು ಬರೆದಿದ್ದೆ. "ಒಡಹುಟ್ಟಿದೋರು ಲೆಕ್ಕಕ್ಕಿಲ್ಲಮ್ಮ" ಎಂದು ವಕೀಲರು ಹೊಡೆದುಹಾಕಿದರು. ನಾನು ವಾದಿಸಲಿಲ್ಲ. ನೀನು ಊರಿಂದ ಹೊರಡುವ ದಿನ ನನ್ನ ನೋಟ್‌ಬುಕ್ ಓದಿ ಮುಚ್ಚಿಟ್ಟು, "ನಮ್ಮನೆ ಮಾತೆಲ್ಲ ಬೀದಿಗೆ ಹಾಕಿದೀಯಲ್ಲೇ" ಅಂದೆಯಲ್ಲ, ಆಮೇಲೆ ನಿನ್ನನ್ನು ಏನೆಂದು ಎಣಿಸಲಿ? ಈಗ ಬೇರೊಬ್ಬ ಪ್ರಕಾಶಕರು ಆ ನೋಟ್‌ಬುಕ್ ಕೇಳುತ್ತಿದ್ದಾರೆ. ಒಂದು ಕಾರ್ಡಿನಲ್ಲಿ ಒಂದೇ ಮಾತು ಬರೆ ಅಕ್ಕಾ: ಕೊಳ್ಳುತ್ತಿದ್ದೆಯಾ, ಇಲ್ಲವಾ? ಇಲ್ಲ ಎಂದರೆ ಕೊಡುವುದಿಲ್ಲ.