ಆರನೇ ಪ್ರಶ್ನೆ

ಜನವರಿ 9. ಬೆಳಗ್ಗೆ 8.10

ಲಿಫ್ಟ್ ಮತ್ತೆ ಕೆಟ್ಟಿದೆ. ಮೂರು ಮಹಡಿ ಹತ್ತಿ ಬಂದು ಕಂಪ್ಯೂಟರ್ ತೆರೆದರೆ — ಜರ್ನಲ್‌ಗೆ ಕಳಿಸಿದ್ದ ಲೇಖನ ವಾಪಸ್. ನಾಲ್ಕನೇ ಸಲ. ಹೆಸರಿಲ್ಲದ ಪರಿಶೀಲಕ ಮಹಾಶಯರ ಅಪ್ಪಣೆ: "ಇದು ಸಂಶೋಧನೆಯಲ್ಲ, ಕಥೆಗಳ ಕಂತೆ." ಮುಚ್ಚಿಹೋದ ನೂರ ಹದಿನೆಂಟು ಸ್ಟಾರ್ಟಪ್‌ಗಳನ್ನು ಕಟ್ಟಿದವರನ್ನು ಹುಡುಕಿ, ಎದುರು ಕೂತು, ಏಳೇಳು ಪ್ರಶ್ನೆ ಕೇಳಿ ಒಂಬತ್ತು ವರ್ಷ ಸವೆಸಿದ್ದೇನೆ. ಸೋತವರನ್ನು ನಂಬಿ ಎರಡನೇ ಸಲ ಬಂಡವಾಳ ಹಾಕುವವರು ಯಾರು, ಯಾಕೆ — ಬೇರೆ ಯಾರು ಕೇಳಿದ್ದಾರೆ? ಕಥೆಯಂತೆ, ಕಥೆ.

ನನ್ನ ಫುಲ್ ಪ್ರೊಫೆಸರ್ ಬಡ್ತಿಯ ಸಮಿತಿ ಸೇರುವುದು ಮೇ ತಿಂಗಳಲ್ಲಿ.

ಜನವರಿ 11

ಡೀನ್ ಕರೆಸಿದರು. "ನಿಮ್ಮ ಕೆಲಸ ಚೆನ್ನಾಗಿದೆ ಮೇಡಂ. ಆದ್ರೆ ಸೋತವರ ಬಗ್ಗೆ ಯಾರು ಓದ್ತಾರೆ? ಒಂದಿಪ್ಪತ್ತು ಗೆದ್ದವರನ್ನೂ ಸೇರಿಸಿಬಿಡಿ." ಸಾರಿಗೆ ಉಪ್ಪು ಸಾಲದು ಎಂಬಷ್ಟು ಸಲೀಸಾಗಿ. ಮೈ ಉರಿಯಿತು. ನಕ್ಕು ಎದ್ದು ಬಂದೆ. ನಕ್ಕೆನಲ್ಲ ಎಂದು ಇನ್ನೂ ಉರಿಯುತ್ತಿದೆ.

ಫೆಬ್ರವರಿ 2. ಮಧ್ಯಾಹ್ನ

ಒಂದು ಜರ್ನಲ್‌ನಿಂದ ಪರಿಶೀಲನೆಗೆ ಲೇಖನ ಬಂದಿದೆ. ರೂಢಿಯಂತೆ ಬರೆದವರ ಹೆಸರಿಲ್ಲ. ನನ್ನ ಹೆಸರೂ ಅವರಿಗೆ ತಿಳಿಯುವುದಿಲ್ಲ. ಎರಡನೇ ಪುಟದಲ್ಲೇ ಕೈ ನಿಂತಿತು. ನನ್ನ ಏಳು ಪ್ರಶ್ನೆಗಳು. ಅದೇ ಕ್ರಮ. ಆರನೆಯದಂತೂ ಅಕ್ಷರಶಃ ನನ್ನದು: "ಕಂಪನಿ ಮುಗಿಯಿತೆಂದು ಮೊದಲು ಯಾರಿಗೆ ಹೇಳಿದಿರಿ?"

ನನ್ನ ಹೆಸರು? ಹುಡುಕಿದರೂ ಇಲ್ಲ.

ಫೆಬ್ರವರಿ 3

ಮೂರು ಪುಟ ವರದಿ ಬರೆದೆ. "ಕದ್ದ ಮಾಲು" ಎಂದೇ ಬರೆದೆ. ನಮ್ಮನೆಯವರು ಬಾಗಿಲಲ್ಲಿ ನಿಂತು, "ಯಾರ ಮೇಲೆ ಸಿಟ್ಟು? ಕೀಬೋರ್ಡ್ ಪಾಪ ಕಣೇ. ನಾಳೆ ಇನ್ನೊಂದ್ಸಲ ಓದಿ ಕಳಿಸು" ಅಂದರು. ಹಲ್ಲಿನ ಡಾಕ್ಟರು. ಕೀಳುವ ಮುಂಚೆ ಎರಡು ಸಲ ನೋಡುವ ಅಭ್ಯಾಸ. ನನಗೆ ಅಷ್ಟು ತಾಳ್ಮೆಯಿಲ್ಲ. ಕಳಿಸಿದೆ. ಹಾಯೆನಿಸಿತು.

ಮಾರ್ಚ್ 20

ಆ ಲೇಖನ ತಿರಸ್ಕೃತ. ಸಂಪಾದಕರ ಧನ್ಯವಾದ ಪತ್ರ — "ನಿಮ್ಮ ಎಚ್ಚರಕ್ಕೆ ಋಣಿ." ಒಂದು ಕಡೆಯಾದರೂ ನ್ಯಾಯ ಸಿಕ್ಕಿತು.

ಏಪ್ರಿಲ್ 6. ಸಂಜೆ 5

ಪೆನ್ಸಿಲ್ ಬಂದಿದ್ದಳು. ನನ್ನ ಮೊದಲ ಪಿಎಚ್‌ಡಿ ವಿದ್ಯಾರ್ಥಿನಿ. ಕಿವಿಯ ಮೇಲೆ ಸದಾ ಪೆನ್ಸಿಲ್ ಇರುತ್ತಿದ್ದುದಕ್ಕೆ ಆ ಹೆಸರು. ಇವತ್ತು ಇರಲಿಲ್ಲ.

"ಜೂನ್‌ಗೆ ನನ್ನ ಕೆಲಸ ಹೋಗುತ್ತೆ ಮೇಡಂ. ಖಾಯಂ ಆಗೋಕೆ ಇದೊಂದು ಲೇಖನ ಬೇಕಿತ್ತು. ಕದ್ದ ಮಾಲು ಅಂತ ಯಾರೋ ಬರೆದಿದಾರೆ. ಜರ್ನಲ್‌ನಿಂದ ನಮ್ಮ ಕಾಲೇಜಿಗೂ ಪತ್ರ ಹೋಗಿದೆ."

ಲೇಖನ ಮೇಜಿನ ಮೇಲಿಟ್ಟಳು. ನಾನು ನೋಡಿರದ ಒಂದು ಪುಟ ಮೇಲಿತ್ತು. ಕೃತಜ್ಞತೆ: "ಈ ಏಳು ಪ್ರಶ್ನೆಗಳು ನನ್ನ ಗುರುಗಳವು. ಬಳಸಲು ಅವರೇ ಕೊಟ್ಟರು." ಪಕ್ಕದಲ್ಲಿ ನನ್ನ ಹೆಸರು.

"ಈ ಪುಟ ಅವರಿಗೆ ಕಳಿಸಿರಲಿಲ್ವಾ?"

"ನೀವೇ ಹೇಳಿಕೊಟ್ಟಿದ್ದಲ್ವಾ? ಪರಿಶೀಲನೆಗೆ ಹೋಗೋ ಪ್ರತಿಯಿಂದ ಕೃತಜ್ಞತೆ ಮೊದಲು ತೆಗಿ, ಗುರು ಯಾರು ಅಂತ ಗೊತ್ತಾದ್ರೆ ಶಿಷ್ಯೆ ಯಾರು ಅಂತಾನೂ ಗೊತ್ತಾಗುತ್ತೆ ಅಂತ."

ಹೇಳಿಕೊಟ್ಟಿದ್ದೆ. ಪ್ರಶ್ನೆಗಳ ಹಾಳೆಯನ್ನೂ ಕೊಟ್ಟಿದ್ದೆ — ಐದು ವರ್ಷದ ಹಿಂದೆ, ಅವಳು ಹೊರಟ ದಿನ. "ಉಪಯೋಗಿಸ್ಕೋ" ಎಂದಿದ್ದೆ. ಪೂರ್ತಿ ಮರೆತಿದ್ದೆ.

"ಆ ಪುಣ್ಯಾತ್ಮರು ಯಾರು ಅಂತ ನಿಮಗೇನಾದ್ರೂ ಗೊತ್ತಾಗುತ್ತಾ ಮೇಡಂ?"

ಗೊತ್ತಿಲ್ಲ ಎಂದೆ. ಕಾಫಿ ಕೊಟ್ಟು ಕಳಿಸಿದೆ.

ಏಪ್ರಿಲ್ 7

ಹೆಸರಿಲ್ಲದ ಆಸಾಮಿಗಳನ್ನು ಇಷ್ಟು ವರ್ಷ ಬೈದೆ. ನಾನೂ ಅದೇ ಆಸಾಮಿ. ಥೂ.

ಏಪ್ರಿಲ್ 11. ಬೆಳಗ್ಗೆ 9.40

ಸಂಪಾದಕರಿಗೆ ಪತ್ರ: "ಆ ಪ್ರಶ್ನೆಗಳನ್ನು ಆಕೆಗೆ ಕೊಟ್ಟವಳು ನಾನು. ಕದ್ದದ್ದು ಎಂದು ಬರೆದವಳೂ ನಾನು." ಪ್ರತಿ ಅವಳ ಕಾಲೇಜಿಗೆ, ನಮ್ಮ ಡೀನ್‌ಗೆ. ಬಡ್ತಿಗೆ ಎಳ್ಳುನೀರು. ಈ ಸಲ ಎರಡು ಸಲ ಓದಿದೆ. ಕಳಿಸಿದೆ.

ಉಳಿದದ್ದು ಪೆನ್ಸಿಲ್. ಪತ್ರ ಕಾಲೇಜಿಗೆ ಮುಟ್ಟುವ ಮುಂಚೆ ನನ್ನ ಬಾಯಿಂದಲೇ ಕೇಳಬೇಕು ಅವಳು. ಮೂರು ಸಲ ನಂಬರ್ ಒತ್ತಿ ಕಟ್ ಮಾಡಿದೆ. ಮೊದಲು ಯಾರಿಗೆ ಹೇಳಿದಿರಿ ಎಂಬ ಆರನೇ ಪ್ರಶ್ನೆಗೆ ಎಷ್ಟೋ ಜನ ಸುಮ್ಮನಾಗಿಬಿಡುತ್ತಿದ್ದರು. ನಾನು ಗಡಿಯಾರ ನೋಡಿ, "ಉತ್ತರವಿಲ್ಲ" ಎಂದು ಬರೆದುಕೊಂಡು ಏಳನೆಯದಕ್ಕೆ ಹೋಗುತ್ತಿದ್ದೆ.

ಫೋನು. ಅವಳೇ ವಾಪಸ್ ಮಾಡುತ್ತಿದ್ದಾಳೆ. ಎತ್ತಿ, ಮೊದಲ ಮಾತು ಏನೆಂದು —