ತಲೆ ಅಲ್ಲಾಡಿಸಬಾರದು

ಜುಲೈ 8, ಸೋಮವಾರ

ಇವತ್ತೂ ಗುಡಿಸಿ ಒರೆಸಿದ ಮೇಲೆ ಪೇಶೆಂಟ್ ಆದೆ. ಮೆಡಿಕಲ್ ಕಾಲೇಜಿನ ಟ್ರೈನಿಂಗ್ ಹಾಲ್‌ನಲ್ಲಿ ನೆಲದ ಮೇಲೆ ಮಲಗುವುದು, ಬೈಕಿನಿಂದ ಬಿದ್ದವಳ ಹಾಗೆ. ಹಣೆಗೆ ಕೆಂಪು ಬಣ್ಣ. ಎಂಬಿಬಿಎಸ್ ಓದುವವರು ಬಂದು ನೋಡಬೇಕು. ಇದಕ್ಕೆಂದೇ ರಬ್ಬರ್ ಗೊಂಬೆ ಇದೆ. ಅದು ಮಾತಾಡುವುದಿಲ್ಲ ಎಂದು, ಅವರಿಗೆ ಕಲಿಸುವ ನರಸಿಂಹ ಸರ್ ನನ್ನನ್ನು ಕರೆದರು. ನಾನೂ ಮಾತಾಡುವುದಿಲ್ಲ — ಅದು ಅವರಿಗೆ ಗೊತ್ತಿರಲಿಲ್ಲ.

ಸೌಂದರ್ಯಾ ಮೇಡಂ ಸರದಿ. ಇದೇ ಊರಿನ ನಾರಾಯಣಗೂಡದವರು, ಆದರೂ ಮನೆಯಲ್ಲಿ ನಮ್ಮ ಹಾಗೆ ಕನ್ನಡ. ನಿಂತುಕೊಂಡೇ ಕೇಳಿದರು, "ಅಕ್ಕಾ, ಕುತ್ತಿಗಿ ನೋಯಾಕತ್ತೈತೇನ್ರಿ?"

ಹೌದೆಂದು ತಲೆಯಾಡಿಸಿದೆ.

"ಖತಂ!" ಅಂದರು ಸರ್. "ಪೇಶೆಂಟ್ ಗಯಾ!"

ಕುತ್ತಿಗೆ ಮುರಿದವರು ತಲೆ ಅಲ್ಲಾಡಿಸಿದರೆ ಕೈಕಾಲು ಹೋಗಬಹುದಂತೆ. ಮೊದಲು ತಲೆ ಹಿಡಿದುಕೊಳ್ಳಬೇಕು, ಆಮೇಲೆ ಪ್ರಶ್ನೆ. ಮೇಡಂ ಫೇಲ್. ಇನ್ನೊಂದೇ ಚಾನ್ಸ್. ಅದೂ ಹೋದರೆ ಗೆಳತಿಯರಿಗಿಂತ ಆರು ತಿಂಗಳು ಹಿಂದೆ.

ಜುಲೈ 9

ಚಿಕ್ಕಂದಿನಿಂದ ತಲೆಯಾಡಿಸಿಯೇ ಉತ್ತರ. ಓದಿದ್ದು ಐದನೇ ಕ್ಲಾಸು, ಅಲ್ಲಿ ಹಾಜರಿಗೂ ಬಾಯಿ ಬಿಡಲಿಲ್ಲ. ಮದುವೆಗೆ ಒಪ್ಪಿದ್ದೂ ಹಾಗೆಯೇ.

ಮೇಡಂ ಬಂದು ಪಕ್ಕದಲ್ಲಿ ಕೂತರು. ಸಿಟ್ಟಿಲ್ಲ.

"ತಪ್ಪು ನಂದ್ರಿ ಅಕ್ಕಾ. ಆದ್ರ ಪರೀಕ್ಷಾದಾಗ ನೀವು ಸುಮ್ಕ ಮಲಗಿದ್ರ ನನಗೇನು ತಿಳೀಬೇಕು? ಬಾಯಿಲೆ ಹೇಳ್ತೀರಿಲ್ಲೋ?"

ತಲೆಯಾಡಿಸಿದೆ.

"ನೋಡ್ರಿ, ಮತ್ತ!"

ಇಬ್ಬರಿಗೂ ನಗು.

ಜುಲೈ 14, ಭಾನುವಾರ

ಮನೆಯಲ್ಲಿ ಅಭ್ಯಾಸ. ಚಾಪೆಯ ಮೇಲೆ ಮಲಗಿದೆ. ನಮ್ಮವರು ತಲೆ ಹಿಡಿದರು. ಗಾರೆ ಕೆಲಸದ ಕೈ, ಒರಟು.

"ಎಲ್ಲಿ ನೋವೈತಿ, ಹೇಳವ್ವಾ."

ಪಿಸುಗುಟ್ಟಿದೆ.

"ಜೋರಾಗಿ! ಮ್ಯಾಲಿನ ಮಾಳಿಗೀಗಿ ಕೇಳಬೇಕು!"

ಕಣ್ಣು ಮುಚ್ಚಿ ಕೂಗಿಯೇಬಿಟ್ಟೆ — "ಕುತ್ತಿಗೀ..."

ಪಕ್ಕದ ಮನೆಯ ಅಹಲ್ಯಾಬಾಯಿ ಓಡಿ ಬಂದಳು. "ಹೇಂತಿ ಕುತ್ತಿಗಿ ಹಿಸಕಾಕತ್ತೀಯೇನೋ, ಭಾಡ್ಯಾ!"

ಪಾಪ ನಮ್ಮವರು. ಕೈ ಬಿಡಲೋ ಬೇಡವೋ ತಿಳಿಯದೆ ಹಿಡಿದೇ ಕೂತಿದ್ದರು.

ಜುಲೈ 22, ಸಂಜೆ

ಆಯಿತು ಪರೀಕ್ಷೆ. ಮೇಡಂ ಬಂದವರೇ ನನ್ನ ತಲೆಯ ಹತ್ತಿರ ಮಂಡಿಯೂರಿ ಎರಡೂ ಕೈಯಿಂದ ಹಿಡಿದರು.

"ಅಕ್ಕಾ, ತಲಿ ಅಲ್ಲಾಡಸಬ್ಯಾಡ್ರಿ. ಬಾಯಿಲೆ ಹೇಳ್ರಿ. ಎಲ್ಲಿ ನೋವೈತಿ?"

ಸರ್ ಜೊತೆ ಪರೀಕ್ಷೆ ಮಾಡಲು ಬಂದ ಹೊಸ ಡಾಕ್ಟರುಗಳು. ಎಲ್ಲರ ಕಣ್ಣೂ ನನ್ನ ಮೇಲೆ. ಮೇಡಂ ಮುಖ ತಲೆಕೆಳಗಾಗಿ ಕಾಣುತ್ತಿತ್ತು, ಮೂಗಿನ ತುದಿಯಲ್ಲಿ ಬೆವರು.

"ಕುತ್ತಿಗಿ ನೋಯಾಕತ್ತೈತ್ರಿ," ಅಂದೆ. ಜೋರಾಗಿ. ಆಮೇಲೆ, ಯಾರೂ ಹೇಳಿಕೊಡದೆ ಇದ್ದದ್ದು — "ನೀವು ಹೆದರಬ್ಯಾಡ್ರಿ. ಛಲೋ ಹಿಡ್ದೀರಿ."

ಸರ್‌ಗೆ ಕನ್ನಡ ಬಾರದು. ಏನಂದಳು ಎಂದು ಕೇಳಿದರು. ಕುತ್ತಿಗೆ ನೋವಂತೆ ಸರ್, ಅಂದರು ಮೇಡಂ. ಉಳಿದದ್ದು ಹೇಳಲಿಲ್ಲ. ಕಣ್ಣು ಮಾತ್ರ ತುಂಬಿತ್ತು.

ಪಾಸ್! ಸರ್ ಹಾಗೆಂದ ಮೇಲೂ ಮೇಡಂ ನನ್ನ ತಲೆ ಬಿಡಲಿಲ್ಲ. ಕುತ್ತಿಗೆಗೆ ಪಟ್ಟಿ ಹಾಕುವವರೆಗೆ ಬಿಡಬಾರದಂತೆ. ನಾನೂ ಅಲ್ಲಾಡಲಿಲ್ಲ.

ಹೊರಗೆ ನಮ್ಮವರ ಚಪ್ಪಲಿ ಸದ್ದು. ಹೇಳುವುದು ಇನ್ನೂ ಎಷ್ಟೋ ಇದೆ... ಇಲ್ಲಿ ಬರೆಯುವುದಕ್ಕಿಂತ ಅವರಿಗೇ ಬಾಯಲ್ಲಿ ಹೇಳುತ್ತೇನೆ.